ಶಬ್ದಾಚಾರ್ಯರು

ಬೆಂಗಳೂರಿನ ಯಾವ ಅಪಾರ್ಟ್‌ಮೆಂಟಿಗಾದರೂ ಹೋಗಿ, ನೆಲಮಾಳಿಗೆಯ ಪಾರ್ಕಿಂಗ್‌ನಲ್ಲಿ ಶಬ್ದಾಚಾರ್ಯರು ಒಬ್ಬರಾದರೂ ಸಿಗುತ್ತಾರೆ. ರಿಟೈರಾಗಿ ಕೆಲವು ವರ್ಷ ಆಗಿರುತ್ತದೆ. ಬೆಳಗಿನ ವಾಕಿಂಗ್ ಅನ್ನುವುದು ನೆಪ. ಯಾರ ಗಾಡಿ ಹೇಗೆ ಸ್ಟಾರ್ಟ್ ಆಗುತ್ತದೆ ಎಂದು ಕಿವಿಗೊಡುವುದೇ ಅವರ ನಿತ್ಯಕರ್ಮ.

ಅವರ ವಿದ್ಯಾಭ್ಯಾಸ ನಡೆದದ್ದು ಅಂಬಾಸಿಡರ್ ಮತ್ತು ಪ್ರೀಮಿಯರ್ ಪದ್ಮಿನಿಗಳಲ್ಲಿ. ಉದ್ದನೆಯ ಸ್ಕ್ರೂಡ್ರೈವರ್ ತುದಿಯನ್ನು ಓಡುತ್ತಿರುವ ಎಂಜಿನ್ ಮೇಲಿಟ್ಟು, ಹಿಡಿಯನ್ನು ಕಿವಿಗೊತ್ತಿ, ಕಣ್ಣು ಮುಚ್ಚಿ "ಮೂರನೇ ಟ್ಯಾಪೆಟ್ ಲೂಸು" ಎಂದರೆ ಅದು ಲೂಸೇ. ಮೆಕ್ಯಾನಿಕ್ಕುಗಳೂ ಒಪ್ಪುತ್ತಿದ್ದರು. 2001ರಲ್ಲಿ ನಮ್ಮ ಊರಿನದೇ ರೇವಾ ಎಲೆಕ್ಟ್ರಿಕ್ ಕಾರು ರಸ್ತೆಗಿಳಿದಾಗ ಆಚಾರ್ಯರು ಅದನ್ನು ಕಾರೆಂದು ಲೆಕ್ಕಕ್ಕೇ ಹಿಡಿಯಲಿಲ್ಲ. ಸದ್ದೇ ಇಲ್ಲದ್ದು ಎಂಥ ಕಾರು?

ಈಗ ನೋಡಿದರೆ ಪಾರ್ಕಿಂಗ್ ತುಂಬ ಹಸಿರು ನಂಬರ್ ಪ್ಲೇಟು. ಟ್ಯಾಪೆಟ್ ಇಲ್ಲ, ಸೈಲೆನ್ಸರ್ ಇಲ್ಲ, ಕ್ಲಚ್ ಇಲ್ಲ. ಆಚಾರ್ಯರು ಸ್ವಲ್ಪ ದಿನ ಮಂಕಾದದ್ದು ನಿಜ. ಅಷ್ಟರಲ್ಲಿ ನಾಲ್ಕನೇ ಮಹಡಿಯ ಸಾಫ್ಟ್‌ವೇರ್ ಹುಡುಗ ಬಂದು, "ಅಂಕಲ್, ಎಕ್ಸಲರೇಟರ್ ಒತ್ತಿದ್ರೆ ನನ್ನ ಗಾಡೀಲಿ ಜೋರಾಗಿ ಸದ್ದು ಬರುತ್ತೆ" ಅಂದ. ಅವರ ಮುಖದಲ್ಲಿ ಕಳೆ ಬಂತು.

ಎಲೆಕ್ಟ್ರಿಕ್ ಕಾರಿನ ವಿಷಯವೇ ಹಾಗೆ. ಎಂಜಿನ್ ಸದ್ದೆಂಬುದು ಮದುವೆಮನೆಯ ವಾಲಗ ಇದ್ದಂತೆ; ಅದು ನಿಂತರೆ ಮೂಲೆಯಲ್ಲಿ ಬೀಗರು ಆಡಿಕೊಳ್ಳುವುದೆಲ್ಲ ಕಿವಿಗೆ ಬೀಳುತ್ತದೆ. ಟೈರಿನ ಗೊರಗೊರ, ಗಾಳಿಯ ಸುಂಯ್, ಗೇರುಪೆಟ್ಟಿಗೆಯ ಸಣ್ಣ ಕೊರಗು, ಎಲ್ಲವೂ ಮೊದಲೂ ಇದ್ದವೇ.

"ಯಾವ ಥರ ಸದ್ದು? ಗುಂಯ್ ಅಂತದೋ, ಟಕಟಕ ಅಂತದೋ, ಪಟಪಟ ಅಂತದೋ?"

"ಗೊತ್ತಿಲ್ಲ ಅಂಕಲ್, ಸದ್ದು ಅಂತದೆ."

ಈಗಿನ ಹುಡುಗರ ಬಗ್ಗೆ ಆಚಾರ್ಯರಿಗೆ ಇದ್ದ ಅಭಿಪ್ರಾಯ ಇನ್ನಷ್ಟು ಗಟ್ಟಿಯಾಯಿತು. ಮುಂದಿನ ಸೀಟಿನಲ್ಲಿ ಕೂತು ಅಪ್ಪಣೆ ಕೊಡಿಸಿದರು: ಹಾಡು ಬಂದ್, ಎಸಿ ಬಂದ್, ಮಾತು ಬಂದ್. ಕಾರು ಗೇಟಿನತ್ತ ತೆವಳುತ್ತಿದ್ದಂತೆ ಸಣ್ಣಗೆ ಹೂಂ ಎಂಬ ನಾದ ಕೇಳಿತು.

"ಬೇರಿಂಗ್ ಹೋಗಿದೆ!"

"ಅಲ್ಲ ಅಂಕಲ್, ನಡಕೊಂಡು ಹೋಗೋರಿಗೆ ಗೊತ್ತಾಗ್ಲಿ ಅಂತ ಕಂಪೆನಿಯವರೇ ಸ್ಪೀಕರಿಂದ ಬರಿಸೋ ಸದ್ದು ಅದು. ಯುರೋಪಿನಲ್ಲಿ 2019ರಿಂದ ಹೊಸ ಮಾಡೆಲ್‌ಗಳಿಗೆ ಕಡ್ಡಾಯವಂತೆ, 20 ಕಿಲೋಮೀಟರ್ ವೇಗದ ತನಕ."

ಆಚಾರ್ಯರು ಯೋಚಿಸಿ, "ಹಾಗಾದ್ರೆ ಸ್ಪೀಕರ್ ಬೇರಿಂಗ್ ಹೋಗಿರಬೇಕು" ಎಂದರು.

ನಗಬೇಡಿ. ರಿಂಗ್ ರೋಡಿಗೆ ಬಂದ ಮೇಲೆ ಅವರು ಮಾಡಿಸಿದ ಪರೀಕ್ಷೆ ಒಂದೊಂದೂ ಶಾಸ್ತ್ರೋಕ್ತ. 60ಕ್ಕೆ ಏರಿಸಿ ಕಾಲು ತೆಗೆ ಅಂದರು. ಕಾಲು ತೆಗೆದ ಕೂಡಲೇ ಸದ್ದು ನಿಂತರೆ ತೊಂದರೆ ಮೋಟಾರಿನ ಎಳೆತ ಬೀಳುವ ಕಡೆ, ಅಂದರೆ ಆಕ್ಸಲ್ ಜಾಯಿಂಟೋ ಮೋಟಾರ್ ಕೂತ ಮೌಂಟೋ. ಎಲೆಕ್ಟ್ರಿಕ್ ಮೋಟಾರು ನಿಂತಲ್ಲಿಂದಲೇ ಪೂರ್ತಿ ಬಲದಲ್ಲಿ ಎಳೆಯುವುದರಿಂದ ಆ ಜಾಗಗಳಿಗೆ ಪೆಟ್ಟು ಹೆಚ್ಚು. ಕಾಲು ತೆಗೆದರೂ ಸದ್ದು ಮುಂದುವರಿದು ವೇಗ ಇಳಿದಂತೆ ಇಳಿದರೆ ಟೈರು, ಬೇರಿಂಗ್, ಇಲ್ಲವೇ ಗಾಳಿಗೆ ಬಡಿಯುವ ಏನೋ ಒಂದು. ಎಡಕ್ಕೆ ವಾಲಿಸಿದಾಗ ಗೊರಗೊರ ಹೆಚ್ಚಿದರೆ ಬಲಚಕ್ರದ ಬೇರಿಂಗ್ ಮೇಲೆ ಅನುಮಾನ. ಸ್ಟೇರಿಂಗ್ ಪೂರ್ತಿ ತಿರುಗಿಸಿ ಮೆಲ್ಲಗೆ ಸುತ್ತು ಹೊಡೆದಾಗ ಟಕ್ ಟಕ್ ಅಂದರೆ ಆಕ್ಸಲ್‌ನ ಹೊರಗಿನ ಜಾಯಿಂಟು.

ವೇಗ ಏರಿದಂತೆ ಪಟಪಟ ಶುರುವಾಯಿತು, ಕಾಲು ತೆಗೆದರೂ ಮುಂದುವರಿಯಿತು. ವಾಲಿಸಿದರೆ ವ್ಯತ್ಯಾಸವಿಲ್ಲ, ಸುತ್ತು ಹೊಡೆದರೆ ಟಕ್ಕಿಲ್ಲ.

"ಆಕ್ಸಲ್ ಜಾಯಿಂಟು, ಅನುಮಾನವೇ ಇಲ್ಲ" ಎಂದು ತೀರ್ಪಿತ್ತರು. ಆಚಾರ್ಯರ ಕಷ್ಟ ಇದೇ. ಪರೀಕ್ಷೆ ಸರಿಯಾಗಿಯೇ ಮಾಡುತ್ತಾರೆ, ತೀರ್ಪನ್ನು ಮಾತ್ರ ಮನೆಯಿಂದಲೇ ಬರೆದು ತಂದಿರುತ್ತಾರೆ.

ಸರ್ವಿಸ್ ಸೆಂಟರಿನವರದು ಇನ್ನೊಂದು ಧಾಟಿ. ಲ್ಯಾಪ್‌ಟಾಪ್ ಚುಚ್ಚಿ, ಪರದೆ ನೋಡಿ, "ಎರರ್ ಕೋಡ್ ಏನೂ ಇಲ್ಲ ಸಾರ್" ಎಂದರು. ಕೋಡ್ ಇಲ್ಲ ಅಂದಮೇಲೆ ಸದ್ದೂ ಇಲ್ಲ. ಸಾಫ್ಟ್‌ವೇರ್ ಅಪ್‌ಡೇಟ್ ಹಾಕಿ, ಗಾಡಿ ತೊಳೆದು ಕಳಿಸಿದರು. ಪಟಪಟ ಈಗ ತೊಳೆದ ಗಾಡಿಯಿಂದ ಬರತೊಡಗಿತು.

ಕೊನೆಗೆ ಟೈರ್ ಅಂಗಡಿಯ ರ‍್ಯಾಂಪಿನ ಮೇಲೆ ಕಾರು ನಿಂತಾಗ ಹುಡುಗನೊಬ್ಬ ಕೆಳಗಿನಿಂದ ಕೈಯಾಡಿಸಿದ. ಮುಂಭಾಗದ ತಳಕ್ಕೆ ಹೊದಿಸಿದ್ದ ಪ್ಲಾಸ್ಟಿಕ್ ಹಾಳೆಯ ಒಂದು ಅಂಚು ಜೋತುಬಿದ್ದಿತ್ತು. ರಸ್ತೆಯ ಹಂಪುಗಳಿಗೆ ಉಜ್ಜಿ ಉಜ್ಜಿ ಕ್ಲಿಪ್ಪುಗಳು ಉದುರಿಹೋಗಿದ್ದವು. ವೇಗ ಏರಿದಾಗ ಒಳಗೆ ನುಗ್ಗಿದ ಗಾಳಿ ಹಾಳೆಯನ್ನು ತಮಟೆ ಮಾಡುತ್ತಿತ್ತು. ಹೊಸ ಕ್ಲಿಪ್ ಒತ್ತಿದ. ಸದ್ದು ಹೋಯಿತು.

"ನಾನು ಮೊದಲೇ ಹೇಳಿರಲಿಲ್ವೇ, ಕೆಳಗಡೆ ಏನೋ ಲೂಸು ಅಂತ?" ಎಂದರು ಆಚಾರ್ಯರು. ಹೇಳಿರಲಿಲ್ಲ. ಆದರೆ ಲ್ಯಾಪ್‌ಟಾಪ್‌ಗಿಂತ ಅವರೇ ವಾಸಿ ಅನ್ನುವವನು ನಾನು. ಅವರು ಗಾಡಿಯಲ್ಲಿ ಕೂತು ಕೇಳಿಸಿಕೊಂಡರು, ಲ್ಯಾಪ್‌ಟಾಪ್ ಕೇಳಿಸಿಕೊಳ್ಳಲಿಲ್ಲ.

ಹಾಗಾಗಿ ನಿಮ್ಮ ಎಲೆಕ್ಟ್ರಿಕ್ ಕಾರು ಸದ್ದು ಮಾಡಿದರೆ ನಿಮ್ಮ ಕಟ್ಟಡದ ಆಚಾರ್ಯರನ್ನು ಒಂದು ಸುತ್ತು ಕರೆದೊಯ್ಯಿರಿ, ಪರೀಕ್ಷೆಗಳನ್ನೆಲ್ಲ ಮಾಡಿಸಿಕೊಳ್ಳಿ, ತೀರ್ಪಿಗೆ ಮೊದಲೇ ಕಾಫಿ ಕುಡಿಸಿ ಇಳಿಸಿಬಿಡಿ. ಬಾನೆಟ್ ಮಾತ್ರ ಅವರ ಕೈಗೆ ಕೊಡಬೇಡಿ. ಅದರ ಕೆಳಗಿನ ಕಿತ್ತಳೆ ಬಣ್ಣದ ಕೇಬಲ್‌ಗಳಲ್ಲಿ ಅನೇಕ ಕಾರುಗಳಲ್ಲಿ 300 ವೋಲ್ಟ್‌ಗೂ ಮೀರಿದ ವಿದ್ಯುತ್ ಇರುತ್ತದೆ. ತರಬೇತಾದವರ ಹೊರತು ಬೇರೆ ಯಾರೂ ಅವನ್ನು ಮುಟ್ಟಬಾರದು.