ಬಣ್ಣ ನೋಡಿ ಕೂಲೆಂಟ್ ಕೊಳ್ಬೇಡಿ ಗೌಡ್ರೇ

ಅಲ್ಲ ಗೌಡ್ರೇ, ಹಳೇ ಟಾಟಾ 1613 ಲಾರಿ ತಗೊಂಡ್ರಿ, ಸಂತೋಷ. ಟೈರಿಗೆ ದುಡ್ಡು ಸುರಿದ್ರಿ, ಬಾಡಿಗೆ ಪೇಂಟ್ ಹೊಡೆಸಿದ್ರಿ, ಹಣೆ ಮೇಲೆ ‘ಶ್ರೀ ಮಂಜುನಾಥ ಪ್ರಸನ್ನ’ ಅಂತ ಬರೆಸಿದ್ರಿ. ಅಷ್ಟೆಲ್ಲಾ ಮಾಡಿ ರೇಡಿಯೇಟರಿಗೆ ಮಾತ್ರ ತೋಟದ ಬೋರ್‌ವೆಲ್ ಪೈಪ್ ಹಿಡೀತಿದ್ದೀರಲ್ಲ! ಆ ಪೈಪ್ ಕೆಳಗಿಡಿ, ಒಂದ್ನಿಮಿಷ ಬೇಲಿ ಹತ್ರ ಬನ್ನಿ. ಆಲೂಗೆಡ್ಡೆ ಲೋಡ್ ಎಲ್ಲೂ ಓಡಿಹೋಗಲ್ಲ.

‘ನಮ್ಮಪ್ಪನ ಕಾಲದಿಂದ ನೀರೇ ಹಾಕ್ಕೊಂಡು ಬಂದಿದೀವಿ’ ಅಂತೀರಿ. ಸರಿ, ಆಗ ಹಾಕ್ತಿದ್ದದ್ದು ಯಾವ ನೀರು? ಕೆರೇದು, ಇಲ್ಲಾ ಮಳೇದು. ಈಗ ನೀವು ಎತ್ತುತಿರೋದು ನೂರಾರು ಅಡಿ ಕೆಳಗೆ ಬಂಡೆ ಸಂದಿಯಲ್ಲಿ ಸುಣ್ಣ ಕುಡಿದು ಕೂತಿದ್ದ ನೀರು. ನಿಮ್ಮನೆ ಬಚ್ಚಲ ಹಂಡೆ ಒಳಗೆ ಬೆಳ್ಳಗೆ ಗಾರೆ ಹಾಕ್ದಂಗೆ ಕಟ್ಕೊಂಡಿದ್ಯಲ್ಲ, ಎಂಜಿನ್ ಬ್ಲಾಕ್ ಒಳಗೂ ಅದೇ ಕಟ್ಟೋದು. ಆವಿ ಆಗಿ ಹೋಗೋದು ನೀರು ಮಾತ್ರ, ಸುಣ್ಣ ಅಲ್ಲೇ ಉಳಿಯುತ್ತೆ. ನೀವು ಮತ್ತೆ ಎರಡು ಲೀಟರ್ ಸುರೀತೀರಿ, ಮತ್ತಷ್ಟು ಸುಣ್ಣ. ಅದು ಬಿಸಿಯನ್ನ ಕಬ್ಬಿಣದಿಂದ ನೀರಿಗೆ ದಾಟೋಕೇ ಬಿಡಲ್ಲ. ಆಮೇಲೆ ‘ಗಾಡಿ ಹೀಟ್ ಆಗ್ತಿದೆ, ಕೂಲೆಂಟ್ ಯಾವ್ದು ಹಾಕ್ಲಿ’ ಅಂತ ಅಂಗಡಿಯೋನ್ನ ಕೇಳಿದ್ರೆ ಅವನು ಕೈಗೆ ಸಿಕ್ಕ ಡಬ್ಬಿ ಕೊಡ್ತಾನೆ. ಅವನ ತಪ್ಪೇನಿದೆ?

‘ಹಳೇ ಗಾಡಿಗೆ ಹಸಿರು, ಹೊಸ ಗಾಡಿಗೆ ಕೆಂಪು’ ಅಂದ್ನಾ? ಅರ್ಧ ಸತ್ಯ. ಬಣ್ಣ ಅನ್ನೋದು ಕಂಪನಿಯೋರು ಕಲಸೋ ಡೈ, ಅಷ್ಟೇ. ಅದಕ್ಕೊಂದು ಕಾನೂನಿಲ್ಲ. ಒಂದು ಕಾಲದಲ್ಲಿ ಹಸಿರು ಅಂದ್ರೆ ಸಿಲಿಕೇಟು, ಫಾಸ್ಫೇಟು, ನೈಟ್ರೈಟು ಹಾಕಿದ ಹಳೇ ಥರದ್ದು ಅಂತ ಹೇಳಬಹುದಿತ್ತು. 1990ರ ದಶಕದ ನಡುವೆ ಅಮೆರಿಕದ ಜನರಲ್ ಮೋಟಾರ್ಸ್‌ನೋರು ಸಾವಯವ ಆಮ್ಲದ ಕೂಲೆಂಟ್ ತಂದು ಅದಕ್ಕೆ ಕಿತ್ತಳೆ ಬಣ್ಣ ಕೊಟ್ರು. ಆಮೇಲೆ ಒಬ್ಬೊಬ್ರದ್ದು ಒಂದೊಂದು: ಕೆಂಪು, ಗುಲಾಬಿ, ನೀಲಿ, ಹಳದಿ. ಈಗ ಸಾವಯವ ಆಮ್ಲದ್ದೇ ಹಸಿರು ಬಣ್ಣದಲ್ಲೂ ಸಿಗುತ್ತೆ. ಹಳೇ ಥರದ್ದನ್ನೂ ಸಾವಯವ ಆಮ್ಲದ್ದನ್ನೂ ಬೆರೆಸಿದ್ರೆ ಗಾಡಿ ಅವತ್ತೇ ನಿಲ್ಲಲ್ಲ, ಆದ್ರೆ ಒಂದರಲ್ಲಿರೋ ತುಕ್ಕು ತಡೆಯೋ ಔಷಧಿ ಇನ್ನೊಂದನ್ನ ಕೆಡಿಸಿ ಬಾಳಿಕೆ ಹೋಗುತ್ತೆ. ಕೆಲವು ಸಲ ಲೋಳೆ ಕಟ್ಟಿ ಕೂರುತ್ತೆ.

ನಿಮ್ಮ ಗಾಡಿಗೆ ಯಾವ್ದು ಅಂತ ತಿಳೀಬೇಕಾದ್ರೆ ಅದು ಯಾವ ಲೋಹದ್ದು ಅಂತ ನೋಡ್ಬೇಕು. ಇದು 697 ಎಂಜಿನ್. 6 ಸಿಲಿಂಡರ್, 97 ಮಿಲಿಮೀಟರ್ ಬೋರ್, ಸುಮಾರು 5.7 ಲೀಟರ್. ಬೆಂಜ್ ವಂಶ ಕಣ್ರೀ ಇದು. 1954ರಿಂದ 1969ರವರೆಗೆ ಟಾಟಾದೋರು ಬೆಂಜ್ ಜೊತೆ ಕೂಡಿ ಲಾರಿ ಮಾಡ್ತಿದ್ರಲ್ಲ, ಮೂತಿ ಮೇಲೆ ಆ ಮೂರು ಕಡ್ಡಿ ನಕ್ಷತ್ರ ಇರ್ತಿತ್ತಲ್ಲ, ಆ ಬಳುವಳಿ. ಬ್ಲಾಕೂ ಬೀಡು, ಹೆಡ್ಡೂ ಬೀಡು. ನಿಮ್ಮ ರೇಡಿಯೇಟರೋ, ತಾಮ್ರ ಹಿತ್ತಾಳೇದು, ಟ್ಯಾಂಕಿಗೆ ಸೀಸ ಬೆರೆತ ಬೆಸುಗೆ. ಇಷ್ಟು ಲೋಹ ಒಂದೇ ನೀರಲ್ಲಿ ನೆಂದ್ರೆ ಒಂದು ಇನ್ನೊಂದನ್ನ ತಿನ್ನುತ್ತೆ. ಅದನ್ನ ತಡೆಯೋದೇ ಕೂಲೆಂಟಿನ ಔಷಧಿ: ತಾಮ್ರಕ್ಕೆ ಅಜೋಲ್, ಕಬ್ಬಿಣಕ್ಕೆ ನೈಟ್ರೈಟ್. ಸಾವಯವ ಆಮ್ಲ ಒಂದನ್ನೇ ನೆಚ್ಚಿಕೊಂಡ ಕೂಲೆಂಟುಗಳು ಈಗಿನ ಅಲ್ಯೂಮಿನಿಯಂ ರೇಡಿಯೇಟರಿಗೆ ಚೆನ್ನ. ಹಳೇ ಬೆಸುಗೆ, ಹಳೇ ಗ್ಯಾಸ್ಕೆಟ್ಟಿಗೆ ನಾನಂತೂ ಹಾಕಲ್ಲ. ಹಳೇ ಥರದ್ದೇ ತಗೊಳ್ಳಿ, ಎರಡು ವರ್ಷಕ್ಕೊಮ್ಮೆ ಬದಲಾಯಿಸಿ. ಡಬ್ಬಿ ಹಿಂದೆ ಐಎಸ್ 5759 ಇದೆಯಾ ನೋಡಿ. ಎಎಸ್‌ಟಿಎಂ ಡಿ 6210 ಅಂತ ಇದ್ರೆ ಅದು ಭಾರೀ ಡೀಸೆಲ್ ಎಂಜಿನ್ನಿಗೆ ಅಂತಲೇ ಮಾಡಿದ್ದು. ಆದ್ರೆ ಅದರಲ್ಲೂ ಎರಡೂ ಥರದ್ದು ಬರುತ್ತೆ, ಹಳೇ ಥರದ್ದೇ ಅಂತ ಕೇಳಿ ತಗೊಳ್ಳಿ. ಏನೂ ಬರೆಯದೆ ಬರೀ ‘ಸೂಪರ್ ಕೂಲ್’ ಅಂತ ಹಿಮದ ಬೆಟ್ಟದ ಚಿತ್ರ ಇದ್ರೆ ವಾಪಸ್ ಇಟ್ಟುಬಿಡಿ.

ಭಾರೀ ಡೀಸೆಲ್ಲಿಗೆ ಬೇರೆ ಯಾಕೆ ಅಂತೀರಾ? ಕೆಲವು ಎಂಜಿನ್ನಲ್ಲಿ ಲೈನರ್ ನೇರವಾಗಿ ನೀರಲ್ಲೇ ನಿಂತಿರುತ್ತೆ. ಒಳಗೆ ಡೀಸೆಲ್ ಸಿಡಿದಾಗಲೆಲ್ಲಾ ಲೈನರ್ ಗೋಡೆ ಅದುರುತ್ತೆ. ಅದುರಿ ಹಿಂದೆ ಸರಿದ ಕ್ಷಣಕ್ಕೆ ನೀರಲ್ಲಿ ಸಣ್ಣ ಆವಿ ಗುಳ್ಳೆ ಏಳುತ್ತೆ, ಮರುಕ್ಷಣ ಅದು ಒಳಕ್ಕೆ ಕುಸಿದು ಲೋಹವನ್ನ ಕುಕ್ಕುತ್ತೆ. ಗಂಟೆಗೆ ಲಕ್ಷ ಸಲ ಕುಕ್ಕಿದ್ರೆ ಏನಾಗ್ಬೇಡ? ಸೂಜಿ ಮೊನೆಯಷ್ಟು ತೂತು. ನೀರು ಆಯಿಲ್ಲಿಗಿಳಿದು ಡಿಪ್‌ಸ್ಟಿಕ್ಕಲ್ಲಿ ಹಾಲು ಬಣ್ಣ ಕಾಣುತ್ತೆ. ನೈಟ್ರೈಟು ಲೋಹದ ಮೇಲೊಂದು ತೆಳು ಪೊರೆ ಕಟ್ಟಿ ಆ ಪೆಟ್ಟು ತಿನ್ನುತ್ತೆ. ಹಾಗಂತ ಅದನ್ನ ಮನಸೋಇಚ್ಛೆ ಸುರಿದ್ರೆ ನಿಮ್ಮ ಬೆಸುಗೆಗೇ ಕುತ್ತು.

ಇನ್ನು ಹದ. ‘ನೀರೇ ಬೇಡ, ಪೂರಾ ಕೂಲೆಂಟೇ ಹಾಕ್ಬಿಡ್ತೀನಿ’ ಅನ್ನೋ ಧಾರಾಳತನ ಬೇಡ. ಬಿಸಿ ಹೊರೋದ್ರಲ್ಲಿ ನೀರನ್ನ ಮೀರಿಸಿದ್ದಿಲ್ಲ. ಕೂಲೆಂಟಲ್ಲಿರೋ ಗ್ಲೈಕಾಲ್ ಒಂದೇ ತುಂಬಿದ್ರೆ ಎಂಜಿನ್ ಇನ್ನೂ ಕಾಯುತ್ತೆ. ಅರ್ಧಕ್ಕರ್ಧ ಬೆರೆಸಿದ್ರೆ ಸುಮಾರು ಮೈನಸ್ 37 ಡಿಗ್ರಿವರೆಗೂ ಹೆಪ್ಪುಗಟ್ಟಲ್ಲ. ಕಾಶ್ಮೀರಕ್ಕೆ ಸೇಬು ತರೋಕೆ ಹೋಗೋರಿಗೆ ಅದು ಬೇಕು. ಹಾಸನ, ಮಂಗಳೂರು ಓಡಾಡೋರಿಗೆ ಮೂರರಲ್ಲೊಂದು ಪಾಲು ಸಾಕು, ಅದಕ್ಕಿಂತ ಕಮ್ಮಿ ಆದ್ರೆ ಔಷಧಿ ಸಾಲಲ್ಲ. ಉಳಿದ ಪಾಲಿಗೆ ಬಂಕಲ್ಲಿ ಸಿಗೋ ಬ್ಯಾಟರಿ ನೀರು. ‘ರೆಡಿ ಟು ಯೂಸ್’ ಅಂತಿದ್ರೆ ಅದಕ್ಕೆ ಮತ್ತೆ ನೀರು ಬೆರೆಸ್ಬೇಡಿ. ಮತ್ತೆ ಒಂದು ಮಾತು, ರೇಡಿಯೇಟರಿನ ನಲ್ಲಿ ಬಿಚ್ಚಿದ್ರೆ ಅಲ್ಲಿಯದು ಮಾತ್ರ ಇಳಿಯುತ್ತೆ. ಬ್ಲಾಕಲ್ಲಿ ಇನ್ನೊಂದು ಡ್ರೈನ್ ಪ್ಲಗ್ ಇದೆ, ಅದನ್ನೂ ಬಿಚ್ಚಿಸಿ. ಇಲ್ದಿದ್ರೆ ಹಳೇ ಕಿಲುಬು ನೀರು ಒಳಗೇ ಉಳಿದು ನಿಮ್ಮ ಲೆಕ್ಕ ಎಲ್ಲಾ ಕೆಡುತ್ತೆ.

ಅರಿಶಿನ ಪುಡಿ? ಅಯ್ಯೋ, ಮರೆತಿದ್ದೆ. ಘಾಟಿ ಮಧ್ಯೆ ರಾತ್ರಿ ರೇಡಿಯೇಟರ್ ಸೋರಿದ್ರೆ ಒಂದು ಮುಷ್ಟಿ ಹಾಕಿ ಊರು ಸೇರೋದು ಡ್ರೈವರುಗಳ ಹಳೇ ವಿದ್ಯೆ, ಅದನ್ನ ನಾನು ಬೈಯಲ್ಲ. ಆದ್ರೆ ಊರು ಸೇರಿದ ಮೇಲೆ ತೊಳೆಸ್ಬೇಕು. ತೂತು ಮುಚ್ಚೋ ಪುಡಿ ಒಳ್ಳೇ ಟ್ಯೂಬನ್ನೂ ಮುಚ್ಚುತ್ತೆ. ನಿಮಗೆ ಗಾಡಿ ಮಾರಿದೋನು ಎಷ್ಟು ಮುಷ್ಟಿ ಹಾಕಿದ್ನೋ ಆ ಮಂಜುನಾಥನೇ ಬಲ್ಲ.

ನಾನು ಸುಮ್ಮನೆ ಬಿಡದ ವಿದ್ಯೆ ಇನ್ನೊಂದಿದೆ. ಹೀಟ್ ಆಗುತ್ತೆ ಅಂದ ತಕ್ಷಣ ಮೇಸ್ತ್ರಿಗಳು ಥರ್ಮೋಸ್ಟ್ಯಾಟ್ ಕಿತ್ತು ಎಸೀತಾರೆ. ಅದು ಹೋದ್ರೆ ಎಂಜಿನ್ ಹದವಾದ ಬಿಸಿಗೇ ಬರಲ್ಲ, ಡೀಸೆಲ್ ಜಾಸ್ತಿ ಕುಡಿಯುತ್ತೆ, ರಿಂಗ್ ಸವೆಯುತ್ತೆ. ಬೈಪಾಸ್ ಇರೋ ಎಂಜಿನ್ನಲ್ಲಿ ನೀರು ರೇಡಿಯೇಟರಿಗೆ ಹೋಗ್ದೆ ಒಳಗೇ ಸುತ್ತು ಹೊಡೆದು ಇನ್ನೂ ಕಾಯೋದೂ ಉಂಟು.

ಕ್ಯಾಪೂ ನೋಡ್ಸಿ. ಸಕಲೇಶಪುರ ಸಮುದ್ರಕ್ಕಿಂತ 900 ಮೀಟರಿಗೂ ಎತ್ತರ; ಅಲ್ಲಿ ತೆರೆದಿಟ್ಟ ನೀರು 97 ಡಿಗ್ರಿಗೇ ಕುದಿಯುತ್ತೆ. ನೀವು ಮಂಗಳೂರಿಂದ ಗೊಬ್ಬರ ತುಂಬ್ಕೊಂಡು ಶಿರಾಡಿ ಘಾಟಿ ಹತ್ತೋವಾಗ ಎಂಜಿನ್ ಆ ಗಡಿಯಲ್ಲೇ ಇರುತ್ತೆ. ಕ್ಯಾಪು ಒತ್ತಡ ಹಿಡಿದ್ರೆ ಹತ್ತು ಡಿಗ್ರಿ ಮೇಲಾದ್ರೂ ತಡೀಬಹುದು. ಅದರ ವಾಷರ್ ಒಣಗಿದ್ರೆ ಎಂಥ ದುಬಾರಿ ಕೂಲೆಂಟೂ ರಸ್ತೆಗೇ. ಹೊಸದು ಹಾಕೋವಾಗ ಹಳೇ ಕ್ಯಾಪಿನ ನಂಬರೇ ಇರ್ಲಿ. ಜಾಸ್ತಿ ಒತ್ತಡದ್ದು ಹಾಕಿ ಹಳೇ ಬೆಸುಗೆ ಬಿಡಿಸ್ಕೋಬೇಡಿ.

ಹೋಗಿ, ಲೋಡ್ ನೋಡ್ಕೊಳ್ಳಿ. ಆದ್ರೆ ಕೂಲೆಂಟ್ ಬದಲಾಯಿಸೋ ದಿನ ಇಳಿಸಿದ್ದನ್ನ ಈ ಬೇಲಿ ಬುಡಕ್ಕೆ ಚೆಲ್ಲಬೇಡಿ. ಗ್ಲೈಕಾಲ್ ಸಿಹಿಯಾಗಿರುತ್ತೆ, ನಾಯಿ ನೆಕ್ಕುತ್ತೆ, ಸ್ವಲ್ಪ ನೆಕ್ಕಿದ್ರೂ ಕಿಡ್ನಿ ಹೋಗಿ ಸಾಯುತ್ತೆ. ನಿಮ್ಮ ಕರುವೂ ಇಲ್ಲೇ ಅಡ್ಡಾಡುತ್ತೆ, ನನ್ನ ಮೊಮ್ಮಗನೂ ಇಲ್ಲೇ ಆಡ್ತಾನೆ. ಮುಚ್ಚಳ ಇರೋ ಕ್ಯಾನಿಗೆ ಹಿಡಿದು ಗ್ಯಾರೇಜಿನೋರಿಗೇ ಕೊಟ್ಟುಬಿಡಿ.