ಸ್ಥಿರಪುಟ ಸ್ಥಾನಾಂತರ ಮೀಮಾಂಸೆ

ಸಾರಾಂಶ: ಪ್ರಸ್ತುತ ಪ್ರಬಂಧವು ಗೋಕಾಕ, ಮೂಡಲಗಿ ಹಾಗೂ ಹುಕ್ಕೇರಿ ತಾಲೂಕುಗಳ ಸ್ವಯಂಪೋಷಿತ ಸ್ಥಿರ ಜಾಲಪುಟಗಳು ಫಾಂಟ್-ಸಾಂಕೇತಿಕ ನೆಲೆಯಿಂದ ಯೂನಿಕೋಡೀಯ ಸಂಗ್ರಹ ವಿನ್ಯಾಸದತ್ತ ಕೈಗೊಳ್ಳುವ ಪರಿವರ್ತನಾತ್ಮಕ ಸ್ಥಾನಾಂತರದ ಬಹುಆಯಾಮಗಳನ್ನು ಸಮಗ್ರವಾಗಿ ಅವಲೋಕಿಸುವ ಒಂದು ವಿನಮ್ರ ಪ್ರಯತ್ನವಾಗಿರುತ್ತದೆ. ಇದೇ ಮಾತನ್ನು ಕಾರ್ಯಾಗಾರವೊಂದರಲ್ಲಿ ಊಟದ ಹೊತ್ತು ಮೀರುವತನಕ ಕೇಳಿದ್ದೇನೆ. ತಿರುಳು ಇಷ್ಟೆ: ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿಟ್ಟಿದ್ದನ್ನು ಯೂನಿಕೋಡ್ ಮಾಡಬೇಕು.

ಭೌಗೋಳಿಕ ಹಿನ್ನೆಲೆ: ಗೋಕಾಕ ಜಲಪಾತದ ಎತ್ತರ 52 ಮೀಟರ್. ಇದಕ್ಕೂ ವಿಷಯಕ್ಕೂ ಸಂಬಂಧವಿಲ್ಲ. ಆದರೆ ಈ ಭಾಗದ ಯಾವ ಪ್ರಬಂಧವೇ ಇರಲಿ, ಮೊದಲ ಅಧ್ಯಾಯದಲ್ಲಿ ಘಟಪ್ರಭೆ ಧುಮುಕಲೇಬೇಕು. ಗೋಕಾಕ ವರದಿಯನ್ನು ಈ ಊರಿನದೆಂದು ತಿಳಿದವರಿಗೂ ಒಂದು ಮಾತು: ಆ ವರದಿ ಕೊಟ್ಟ ಸಮಿತಿಯ ಅಧ್ಯಕ್ಷರಾಗಿದ್ದ ವಿ.ಕೃ. ಗೋಕಾಕರು ಹುಟ್ಟಿದ್ದು ಸವಣೂರಿನಲ್ಲಿ.

ತಾತ್ತ್ವಿಕ ಚೌಕಟ್ಟು: ಹಳೆಯ ನುಡಿ ಕಡತದಲ್ಲಿ ಕನ್ನಡ ಅಕ್ಷರಗಳೇ ಇರುವುದಿಲ್ಲ. ಯುರೋಪಿನ ಅಕ್ಷರ, ಚಿಹ್ನೆಗಳ ಜಾಗದಲ್ಲಿ ಕನ್ನಡದ ತಲೆಕಟ್ಟು, ಕೊಂಬು, ಒತ್ತುಗಳ ಚಿತ್ರಗಳನ್ನು ಕೂರಿಸಲಾಗಿದೆ. ಫಾಂಟ್ ತೆಗೆದುಹಾಕಿದರೆ ‘ನ’ ಇದ್ದಲ್ಲಿ ಇಂಗ್ಲೆಂಡಿನ ಪೌಂಡ್ ಚಿಹ್ನೆ, ‘ಲ’ ಇದ್ದಲ್ಲಿ ಟ್ರೇಡ್‌ಮಾರ್ಕ್ ನೋಂದಣಿಯ ಗುರುತು ಹೊರಬೀಳುತ್ತದೆ. ಅಂದರೆ ಮೂಡಲಗಿ 2018ರಲ್ಲಿ ಗೋಕಾಕದಿಂದ ಬೇರೆಯಾಗಿ ತಾಲೂಕು ಆಗುವುದಕ್ಕಿಂತ ಎಷ್ಟೋ ಮೊದಲೇ ಯಂತ್ರದ ಕಣ್ಣಲ್ಲಿ ನೋಂದಾಯಿತ ಸರಕಾಗಿತ್ತು.

ಬೈಟ್-ನ್ಯಾಯ: ನುಡಿಯ ಸಂಕೇತದಲ್ಲಿ ಗೋಕಾಕಕ್ಕೆ 8 ಬೈಟ್, ಮೂಡಲಗಿಗೆ 8, ಹುಕ್ಕೇರಿಗೂ 8. ಇಂಥ ಸಾಮಾಜಿಕ ಸಮಾನತೆ ಬೆಳಗಾವಿ ಜಿಲ್ಲೆಯ ಯಾವ ಅನುದಾನದ ಪಟ್ಟಿಯಲ್ಲೂ ಕಂಡುಬಂದಿಲ್ಲ. ಯೂನಿಕೋಡಿಗೆ ಬಂದೊಡನೆ ಗೋಕಾಕ 15, ಮೂಡಲಗಿ 18, ಹುಕ್ಕೇರಿ 24! ಕನ್ನಡದ ಪ್ರತಿ ಸಂಕೇತವೂ ಯುಟಿಎಫ್-8ರಲ್ಲಿ 3 ಬೈಟ್ ಹಿಡಿಯುತ್ತದೆ, ಹುಕ್ಕೇರಿಯ ಕಕಾರದ ಒತ್ತು ಒಂದು ಹಲಂತವನ್ನೂ ಇನ್ನೊಂದು ‘ಕ’ವನ್ನೂ ಕೇಳುತ್ತದೆ ಎಂಬ ಸರಳ ವಿವರಣೆ ಇದೆಯಾದರೂ, ಸರಳ ವಿವರಣೆಗೆ ಪಿಎಚ್.ಡಿ. ಕೊಡುವುದಿಲ್ಲ. ಆದ್ದರಿಂದ ಇದನ್ನು ‘ಒತ್ತಕ್ಷರಮೂಲ ಪ್ರಾದೇಶಿಕ ಅಸಮತೋಲನ’ ಎಂದು ಕರೆಯತಕ್ಕದ್ದು.

ವರ್ಗೀಕರಣ: ವಲಸೆಗೆ ಕಾದಿರುವ ಪುಟಗಳಲ್ಲಿ ಐದು ವರ್ಗ.

(ಅ) ಫಾಂಟಾಶ್ರಿತ: ತೆರೆದೊಡನೆ ‘ಮೊದಲು ಫಾಂಟ್ ಇಳಿಸಿಕೊಳ್ಳಿ’ ಎಂದು ಬಾಗಿಲಲ್ಲೇ ತಡೆಯುವಂಥದು.

(ಆ) ಚಿತ್ರೀಭೂತ: ಫಾಂಟಿನ ರಗಳೆಯೇ ಬೇಡವೆಂದು ಇಡೀ ಲೇಖನವನ್ನು ಫೋಟೊ ಮಾಡಿ ಅಂಟಿಸಿದ್ದು.

(ಇ) ಶ್ರೀಲಿಪಿಜನ್ಯ: ಶ್ರೀಲಿಪಿ ಎಂಬ ತಂತ್ರಾಂಶದಲ್ಲಿ ಬರೆದದ್ದು. ಇದರ ಸಂಕೇತವೇ ಬೇರೆ, ನುಡಿಯ ಪರಿವರ್ತಕಕ್ಕೆ ಸಿಕ್ಕರೆ ಇದ್ದದ್ದೂ ಹೋಯಿತು.

ಉಳಿದೆರಡು ವರ್ಗಗಳು ಮೇಲಿನವುಗಳಂತೆಯೇ ಇವೆ, ಬಿಡಿ.

ಕ್ಷೇತ್ರಕಾರ್ಯ: ಹಳೆಯ ನುಡಿ ಕಣ್ಣಿಗೆ ಕಂಡ ಕ್ರಮದಲ್ಲಿ ಕೂಡಿಡುತ್ತದೆ, ಯೂನಿಕೋಡ್ ಉಚ್ಚಾರದ ಕ್ರಮದಲ್ಲಿ. ಹಳೆಯ ಕಡತದಲ್ಲಿ ಅರ್ಕಾವೊತ್ತು ಅಕ್ಷರದ ಬಲಕ್ಕಿರುತ್ತದೆ. ವಲಸೆಯಲ್ಲಿ ಅದನ್ನು ಎತ್ತಿ ಎಡಕ್ಕೆ ತರಬೇಕು. ತರದಿದ್ದರೆ ಕರ್ನಾಟಕ ‘ಕನಾರ್ಟಕ’ ಆಗುತ್ತದೆ. ಗೋಕಾಕ ತಾಲೂಕಿನ ಬೆಟಗೇರಿಯಲ್ಲಿ ಹುಟ್ಟಿ, ಆನಂದಕಂದರೆಂದು ಹೆಸರಾದ ಕೃಷ್ಣಶರ್ಮರು ‘ಕೃಷ್ಣಶಮರ್’ ಆಗಿಬಿಡುತ್ತಾರೆ. ಆಗಿದ್ದಾರೆ. ಒಂದು ಸ್ಮರಣ ಸಂಚಿಕೆಯ ಪುಟಗಳಲ್ಲಿ ಅವರ ಹೆಸರು ಬಂದಲ್ಲೆಲ್ಲ ಹಾಗೇ ಆಗಿದೆ, ಅದರ ನೆತ್ತಿಯ ಮೇಲೆ ‘ಯಶಸ್ವಿ ಸ್ಥಾನಾಂತರ’ ಎಂಬ ಹಸಿರು ಪಟ್ಟಿ. ಕಾರ್ಯಾಗಾರದಲ್ಲಿದ್ದ ಡಿಟಿಪಿ ಹುಡುಗನೊಬ್ಬ ಅಂದ: “ಸರ್, ಹುಡುಕಿ ಬದಲಾಯಿಸ್ತೀನಂದ್ರ ಡಾಕ್ಟರ್ ಇದ್ದದ್ದು ಡಾರ್ಕ್ಟ ಆಗತೈತ್ರಿ. ಒಂದೊಂದ ಸಾಲು ಕೂತು ಓದಬೇಕ್ರಿ.” ವೇದಿಕೆಯ ಭಾಷಣಗಳಲ್ಲಿ ಕೇಳದ ಜ್ಞಾನ ಈ ಎರಡು ವಾಕ್ಯದಲ್ಲಿತ್ತು. ಅವನನ್ನು ವೇದಿಕೆಗೆ ಕರೆಯಲಿಲ್ಲ, ಪ್ರೊಜೆಕ್ಟರಿಗೆ ವೈರು ಜೋಡಿಸಲು ಕರೆದಿದ್ದರು.

ಚರ್ಚೆ: ಚರ್ಚೆಯೇನು ಬಂತು, ಮಣ್ಣು. ಯೂನಿಕೋಡಿನಲ್ಲಿ ಕನ್ನಡಕ್ಕೆ ಜಾಗ ಸಿಕ್ಕಿದ್ದು 1991ರಲ್ಲಿ. ನುಡಿಯಂಥದೇ ಇನ್ನೊಂದು ತಂತ್ರಾಂಶ ‘ಬರಹ’ ಬಂದದ್ದು ಅದಾದ ಮೇಲೆ, 1998ರಲ್ಲಿ. ಜಾಗ ಇತ್ತು, ಅದರಲ್ಲಿ ಕನ್ನಡ ಮೂಡಿಸುವ ಯಂತ್ರಗಳು ಆಗ ಇರಲಿಲ್ಲವೆಂಬುದೂ ನಿಜ. ಯಂತ್ರಗಳು ಬಂದ ಮೇಲೂ ನಾವು ವರ್ಷಗಟ್ಟಲೆ ಪೌಂಡ್ ಚಿಹ್ನೆಯಲ್ಲೇ ಕನ್ನಡ ತುಂಬಿದೆವಲ್ಲ, ಅದಕ್ಕೆ ಯಾವ ನೆಪವಿದೆ? ಅಪರಾಳ ತಮ್ಮಣ್ಣನ ಕೃಷ್ಣ ಪಾರಿಜಾತವನ್ನು ಬಯಲಾಟವಾಗಿ ಬೆಳೆಸಿದ ಕುಲಗೋಡ ತಮ್ಮಣ್ಣನ ಬಗ್ಗೆ ಊರಿನ ಮೇಷ್ಟ್ರೊಬ್ಬರು ಕೇಳಿ, ತಿರುಗಿ, ಬರೆದಿಟ್ಟಿದ್ದರೆ, ಅದು ಇಂಥ ಕಡತದಲ್ಲಿದ್ದರೆ, ಇವತ್ತು ಕುಲಗೋಡದ ಹುಡುಗಿಯೊಬ್ಬಳು ಮೊಬೈಲಿನಲ್ಲಿ ಎಷ್ಟು ಹುಡುಕಿದರೂ ಸಿಗುವುದಿಲ್ಲ. ಅವಳು ಹುಡುಕುವುದು ಕನ್ನಡದಲ್ಲಿ, ಕಡತದಲ್ಲಿರುವುದು ಕನ್ನಡವಲ್ಲ. ಮೇಷ್ಟ್ರು ತೀರಿಕೊಂಡಿದ್ದರೆ ಸರಿಪಡಿಸುವವರು ಯಾರು? ಪಾರಿಜಾತದ ಮೇಳಗಳು ಬಾಯಿಂದ ಬಾಯಿಗೆ ಉಳಿಸಿಕೊಂಡದ್ದನ್ನು ನಾವು ಕಂಪ್ಯೂಟರಿನಲ್ಲಿ ಇಟ್ಟು ಕಳೆದೆವು.

ಶಿಫಾರಸು: ಮೂಲ ಕಡತ ಕೈಯಲ್ಲಿದ್ದರೆ ಕೆಲಸ ಕಷ್ಟವಲ್ಲ. ಯಾವ ಸಂಕೇತ ಯಾವ ಅಕ್ಷರವೆಂಬ ಪಟ್ಟಿ ಇದೆ, ಅರ್ಕಾವೊತ್ತನ್ನು ಸರಿಯಾಗಿ ಎಡಕ್ಕೆ ತರುವ ಪರಿವರ್ತಕಗಳೂ ಇವೆ. ‘ಜಾಗ ಉಳಿಸಲು’ ಮೂಲ ಅಳಿಸಿದವರಿಗೆ ಮಾತ್ರ ಗತಿಯಿಲ್ಲ. ಒಂದು ಪುಟದ ನುಡಿ ಬರಹಕ್ಕಿಂತ ಅವರ ವರದಿಯ ಮುಖಪುಟದ ಲಾಂಛನವೇ ಹೆಚ್ಚು ಜಾಗ ತಿನ್ನುತ್ತದೆ. ಕಾರ್ಯಾಗಾರದ ವೆಚ್ಚದ ಅಂದಾಜಿನಲ್ಲಿ ಬ್ಯಾನರಿಗೆ, ಶಾಲಿಗೆ, ಕರದಂಟಿನ ಡಬ್ಬಿಗೆ ಕಲಮುಗಳಿದ್ದವು. ಕರಡು ತಿದ್ದುವವರಿಗೆ ಇರಲಿಲ್ಲ.

ಮುಂದಿನ ಸಂಶೋಧನೆಗೆ ಅವಕಾಶ: ಇದೆ. ಮೊದಲು ಶರ್ಮರ ‘ರ್’ ಅದರ ಜಾಗಕ್ಕೆ ಬರಲಿ.