ಬೇಸಿಗೆಯ ಸಂಶೋಧಕ

ಏಪ್ರಿಲ್, ಮೇ ತಿಂಗಳಲ್ಲಿ ಮೆಡಿಕಲ್ ಕಾಲೇಜಿನ ದೊಡ್ಡಾಸ್ಪತ್ರೆಗೆ ಹೋದವರು ಅವನನ್ನು ನೋಡಿಯೇ ಇರುತ್ತೀರಿ. ಇಸ್ತ್ರಿ ಕೆಡದ ಬಿಳಿ ಏಪ್ರನ್, ಎದೆಗವಚಿಕೊಂಡ ಫೈಲು. ಕೊರಳಲ್ಲಿ ಸ್ಟೆತಾಸ್ಕೋಪ್ ಉಂಟು, ಅದನ್ನು ಯಾರ ಎದೆಗೂ ಇಟ್ಟದ್ದಿಲ್ಲ. ಎಂಬಿಬಿಎಸ್ ಎರಡನೇ ವರ್ಷ. ಜೊತೆಯವರು ಊರಿಗೆ ಹೋಗಿ ಮಾವಿನಹಣ್ಣು ತಿನ್ನುತ್ತಿದ್ದರೆ, ಬೆಂಗಳೂರಿನ ಈ ಹುಡುಗ ಕಲ್ಯಾಣ ಕರ್ನಾಟಕದ ಬಿಸಿಲಲ್ಲಿ ಒಪಿಡಿ ಮುಂದೆ ರೋಗಿಗಳಿಗೆ ಹೊಂಚು ಹಾಕಿ ನಿಂತಿದ್ದಾನೆ.

ಇದಕ್ಕೆ ಕಾರಣ ಐಸಿಎಂಆರ್, ಅಂದರೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ. ವೈದ್ಯ ವಿದ್ಯಾರ್ಥಿಗಳಿಗೆ ಸಂಶೋಧನೆಯ ರುಚಿ ಹತ್ತಲಿ ಎಂದು 1979ರಲ್ಲಿ ಶುರುಮಾಡಿದ ಎಸ್‌ಟಿಎಸ್ ಎಂಬ ಎರಡು ತಿಂಗಳ ಯೋಜನೆ. ಭತ್ಯೆಯೂ ಉಂಟು, ವರದಿ ಒಪ್ಪಿಗೆಯಾದ ಮೇಲೆ. ಅಲ್ಲಿಯವರೆಗೆ ಝೆರಾಕ್ಸ್ ಖರ್ಚು ಅಪ್ಪನದು.

ಅವನ ಪಕ್ಕ ಐದು ನಿಮಿಷ ನಿಂತವರಿಗೆ ಚಾರ್ಲ್ಸ್ ಬೆಸ್ಟ್ ಕಥೆ ಕೇಳದೆ ಬಿಡುಗಡೆಯಿಲ್ಲ. 1921ರ ಬೇಸಿಗೆ, ಟೊರಾಂಟೊ. ಬ್ಯಾಂಟಿಂಗ್ ಎಂಬ ವೈದ್ಯನಿಗೆ ಸಹಾಯಕ ಬೇಕಾಗಿ, ಇಬ್ಬರು ಹುಡುಗರು ನಾಣ್ಯ ಚಿಮ್ಮಿ, 22ರ ಬೆಸ್ಟ್ ಗೆದ್ದು, ಮುಂದಿನ ಜನವರಿಗೆಲ್ಲ ಹದಿನಾಲ್ಕರ ಬಾಲಕನೊಬ್ಬನಿಗೆ ಇನ್ಸುಲಿನ್ ಚುಚ್ಚಿದ್ದೂ ಆಯಿತು. 1923ರ ನೊಬೆಲ್ ಬಂದಾಗ ಪಟ್ಟಿಯಲ್ಲಿ ಬೆಸ್ಟ್ ಹೆಸರಿರಲಿಲ್ಲ, ಪ್ರಯೋಗಾಲಯದ ಯಜಮಾನ ಮೆಕ್ಲಿಯಾಡ್ ಹೆಸರಿತ್ತು. ಈ ಕೊನೆಯ ಭಾಗವನ್ನು ಅವನು ತನ್ನ ಗೈಡ್ ಎದುರಿಗಿದ್ದಾಗ ಹೇಳುವುದಿಲ್ಲ.

ಇವನದೂ ಇನ್ಸುಲಿನ್ನೇ. ಕಂಡುಹಿಡಿಯುವುದು ಆಗಿಹೋಗಿದೆಯಲ್ಲ, ಅದಕ್ಕೆ ಜನ ಅದನ್ನು ಮನೆಯಲ್ಲಿ ಹೇಗೆ ಇಟ್ಟುಕೊಳ್ಳುತ್ತಾರೆ ಎಂಬ ಬಗ್ಗೆ ‘ಜ್ಞಾನ, ಮನೋಭಾವ ಮತ್ತು ಆಚರಣೆ’ಯ ಅಧ್ಯಯನ. ಶೀರ್ಷಿಕೆ ಎರಡೂವರೆ ಸಾಲು. ಎಷ್ಟು ಜನರನ್ನು ಕೇಳಬೇಕು ಎನ್ನುವುದಕ್ಕೆ ಸೂತ್ರವಿದೆ: ನಾಲ್ಕು ಪಿಕ್ಯೂ ಬೈ ಡಿ ಸ್ಕ್ವೇರ್. ಪಿ, ಅಂದರೆ ನೂರಕ್ಕೆ ಎಷ್ಟು ಜನ ಸರಿಯಾಗಿ ಇಟ್ಟುಕೊಳ್ಳುತ್ತಾರೆ ಎಂಬುದು, ಗೊತ್ತಿಲ್ಲದಿದ್ದರೆ 50 ಎಂದಿಟ್ಟುಕೊಳ್ಳುವುದು ಪದ್ಧತಿ. ತಪ್ಪಿಗೆ ಶೇ. 5 ಜಾಗ ಬಿಟ್ಟಾಗ 400 ಜನ ಬಂತು. ಗೈಡ್ ಕ್ಯಾಲೆಂಡರ್ ನೋಡಿದರು, ತಪ್ಪಿಗೆ ಶೇ. 10 ಬಿಡಲು ಹೇಳಿದರು. ಸರಿಯಾಗಿ 100 ಬಂತು. ಗಣಿತಕ್ಕೆ ಇಷ್ಟು ಕರುಣೆಯಿದೆ ಎಂದು ಪಿಯುಸಿಯಲ್ಲಿ ಅವನಿಗೆ ಯಾರೂ ಹೇಳಿರಲಿಲ್ಲ.

ಆಮೇಲೆ ಎಥಿಕ್ಸ್ ಕಮಿಟಿ. ಅದರಲ್ಲಿ ಡಾಕ್ಟರುಗಳ ಜೊತೆ ಕಾನೂನು ತಿಳಿದವರೊಬ್ಬರು, ಜನಸಾಮಾನ್ಯರೊಬ್ಬರು ಇರಬೇಕೆಂಬುದು ನಿಯಮ. ಡಾಕ್ಟರುಗಳು ರೋಗಿಗಳ ಒಪ್ಪಿಗೆ ಪತ್ರದಲ್ಲಿ ಅಂಚು ಎಷ್ಟು ಬಿಡಬೇಕು, ಅಕ್ಷರ ಎಷ್ಟು ದಪ್ಪವಿರಬೇಕು ಎಂದು ಚರ್ಚಿಸಿದರು. ಜನಸಾಮಾನ್ಯರ ಕುರ್ಚಿಯಲ್ಲಿದ್ದ ನಿವೃತ್ತ ಮೇಷ್ಟ್ರು ಮಾತ್ರ, “ಈ ಕನ್ನಡ ರೋಗಿಗೆ ತಿಳೀತದೇನಪ್ಪ?” ಅಂದರು. ಅದನ್ನು ನಡಾವಳಿಯಲ್ಲಿ ಬರೆದುಕೊಳ್ಳಲಿಲ್ಲ.

ಮೊದಲನೆಯ ದಿನ, ಬೆಂಚಿನ ಮೇಲಿದ್ದ ಅಜ್ಜಿಯ ಮುಂದೆ ಅವನು ಕುಕ್ಕರಗಾಲಲ್ಲಿ ಕೂತು ಒಪ್ಪಿಗೆ ಪತ್ರ ಓದಿದ: “ಸದರಿ ಅಧ್ಯಯನದಲ್ಲಿ ಸ್ವಇಚ್ಛೆಯಿಂದ ಭಾಗವಹಿಸಲು...”

“ಹೆಬ್ಬೆಟ್ಟು ಯಾಕೋ ಯಪ್ಪಾ? ಆಪರೇಶನ್ ಮಾಡ್ತೀರೇನು?”

“ಇಲ್ಲಮ್ಮ, ಬರೀ ಪ್ರಶ್ನೆ ಕೇಳ್ತೀನಿ.”

“ಅಷ್ಟಕ್ಕ ಹೆಬ್ಬೆಟ್ಟ? ಪಿಂಚಣಿ ಬಂದ್ ಆಗಂಗಿಲ್ಲ ಹೌದಿಲ್ಲೊ?”

ಆಗುವುದಿಲ್ಲವೆಂದು ಆಣೆ ಮಾಡಿ, ಏಳನೇ ಪ್ರಶ್ನೆಗೆ ಬಂದ. ಇನ್ಸುಲಿನ್ ಎಲ್ಲಿಡುತ್ತೀರಿ? ಅ) ಫ್ರಿಜ್ಜಿನ ಬಾಗಿಲಲ್ಲಿ. ಆ) ಫ್ರೀಝರಿನಲ್ಲಿ. ಇ) ಫ್ರಿಜ್ಜಿನ ಒಳಗೆ. ಈ) ಇತರೆ.

“ನಮ್ಮನ್ಯಾಗ ಫ್ರಿಜ್ಜ ಎಲ್ಲಿಂದ ಬರಬೇಕು? ನೀರಿನ ಹರವಿ ಕೆಳಗ ಹಸಿ ಉಸುಕು ಇರ್ತದಲ್ಲ, ಅದರಾಗ ಸಣ್ಣ ಗಡಿಗಿ ಹುಗದು, ಅದರಾಗ ಇಡ್ತೀನಿ. ತಣ್ಣಗಿರ್ತದ.”

‘ಈ’ಗೆ ಗುರುತು ಹಾಕಿದ. ಮುಂದಿನ ಮುದುಕನಿಗೂ ‘ಈ’. ವಾರ ಕಳೆಯುವಷ್ಟರಲ್ಲಿ ಅರ್ಧಕ್ಕಿಂತ ಹೆಚ್ಚು ಊರು ‘ಇತರೆ’ಯಲ್ಲಿ ಬಂದು ಕೂತಿತ್ತು. ಅವನಿಗೆ ಗಾಬರಿ. ಫ್ರಿಜ್ ಇರುವ ರೋಗಿಗಳನ್ನು ಹುಡುಕಿಕೊಂಡು ಬ್ಯಾಂಕ್ ಕಾಲೊನಿ ಕಡೆಯವರನ್ನು ಕಾಯತೊಡಗಿದ. ಹಾಗೆ ಆರಿಸಿಕೊಳ್ಳಬಾರದು ಎಂದು ಗೈಡ್ ಬೈದರು. ಮಣ್ಣಿನ ಗಡಿಗೆಯೊಳಗೆ ಶಾಖ ಇಳಿಯುತ್ತದೆ, ಫ್ರಿಜ್ ಇಲ್ಲದ ಮನೆಗೆ ಅದೇ ಒಳ್ಳೆಯ ಉಪಾಯ, ಔಷಧ ನಿಜವಾಗಿ ಕೆಡುವುದು ಫ್ರೀಝರಿನಲ್ಲಿಟ್ಟವರದು ಎಂದೂ ಅವರೇ ಹೇಳಬೇಕಾಯಿತು. ಅಷ್ಟು ಹೊತ್ತಿಗೆ ಅವನು ‘ಜ್ಞಾನ’ದ ಅಂಕದಲ್ಲಿ ಅಜ್ಜಿಗೆ ಸೊನ್ನೆ ಕೊಟ್ಟಾಗಿತ್ತು.

ಕಡೆಗೆ ಲೆಕ್ಕ. ಫಲಿತಾಂಶ ಬರೀ ಆಕಸ್ಮಿಕವಲ್ಲ ಎನ್ನಿಸಿಕೊಳ್ಳಲು ಪಿ ವ್ಯಾಲ್ಯೂ 0.05ಕ್ಕಿಂತ ಕಡಿಮೆ ಬರಬೇಕು. ಸಂಖ್ಯಾಶಾಸ್ತ್ರಜ್ಞ ಫಿಶರ್ ಮಹಾಶಯ 1925ರ ತನ್ನ ಪುಸ್ತಕದಲ್ಲಿ ಅನುಕೂಲಕ್ಕೆಂದು ಎಳೆದ ಗೆರೆ ಅದು, ಹುಡುಗರ ಪಾಲಿಗೆ ಲಕ್ಷ್ಮಣರೇಖೆ. ಇವನದು 0.06 ಬಂತು. ಮೂರು ದಿನ ಮೆಸ್ಸಿನಲ್ಲಿ ಸರಿಯಾಗಿ ಉಣ್ಣಲಿಲ್ಲ. ಸಂಖ್ಯಾಶಾಸ್ತ್ರದ ಮೇಷ್ಟ್ರ ಬಾಗಿಲಲ್ಲಿ ಸಂಜೆತನಕ ನಿಂತ. ಅವರು ಕನ್ನಡಕ ಒರೆಸಿಕೊಂಡು, “ಬಂದದ್ದನ್ನು ಬಂದ ಹಾಗೆ ಬರಿ,” ಅಂದರು. ಇದಕ್ಕಿಂತ ಕ್ರೂರವಾದ ಸಲಹೆಯನ್ನು ಅವನು ಆವರೆಗೆ ಕೇಳಿರಲಿಲ್ಲ.

ಒಪಿಡಿ ಜನರ ಅಭಿಪ್ರಾಯವೇ ಬೇರೆ. ಒಳಗಿನ ಡಾಕ್ಟರ ಹತ್ತಿರ ಅವರಿಗೆ ಸಿಗುವುದು ಎರಡು ನಿಮಿಷ. ಇವನ ಹತ್ತಿರ ಇಪ್ಪತ್ತು. ಸೊಸೆ ಏನಂದಳು, ಕಾಲುರಿ ಯಾವಾಗಿಂದ, ಬಸ್ಸಿಗೆಷ್ಟು ಕೊಟ್ಟರು, ಎಲ್ಲ ಕೇಳಿಸಿಕೊಳ್ಳುತ್ತಾನೆ. “ಸಣ್ಣ ಡಾಕ್ಟರು ಭಾಳ ಶ್ಯಾಣ್ಯಾ ಅದಾರ, ಗುಳಿಗಿ ಒಂದು ಕೊಡಂಗಿಲ್ಲ ನೋಡು,” ಎನ್ನುತ್ತಾರೆ. ಕೆಲವರು ತಿರುಗಿ ಬಂದು ಎರಡನೇ ಸಲವೂ ಕೂರುತ್ತಾರೆ. ಅವರನ್ನು ಲೆಕ್ಕಕ್ಕೆ ಹಿಡಿಯುವಂತಿಲ್ಲ ಎಂದು ಗೊತ್ತಿದ್ದೂ ಅವನು ಎಬ್ಬಿಸುವುದಿಲ್ಲ. ಅವನ ಪರವಾಗಿ ನಾನು ಹೇಳಬಹುದಾದ ಒಳ್ಳೆಯ ಮಾತು ಇದೇ.

ಈ ಬೇಸಿಗೆಯಲ್ಲಿ ಯಾರಾದರೂ ಫೈಲು ಹಿಡಿದು ನಿಮ್ಮ ಮುಂದೆ ಕುಕ್ಕರಗಾಲಲ್ಲಿ ಕೂತರೆ, ಕೊನೇ ಪ್ರಶ್ನೆಯವರೆಗೂ ಉತ್ತರ ಕೊಡಿ. ಆಮೇಲೆ ನಿಮ್ಮ ಪ್ರಶ್ನೆ ಕೇಳಿ: ರಕ್ತಪರೀಕ್ಷೆ ಎಲ್ಲಿ, ಔಷಧಿ ಕೌಂಟರ್ ಎಷ್ಟು ಹೊತ್ತಿಗೆ ಮುಚ್ಚುತ್ತದೆ, ಕುಡಿಯುವ ನೀರು ಎಲ್ಲಿ. ಎರಡು ತಿಂಗಳು ಅಲೆದಿದ್ದಾನೆ, ಇವಿಷ್ಟೂ ಅವನಿಗೆ ಬಾಯಿಪಾಠ.